ಚೀಟಿ ಕಳಚಿದ ಇನ್ನೂರ ಹತ್ತು ಮಾತು

ಮಂಗಳವಾರ, ಮಧ್ಯಾಹ್ನ
ಅಂಗಡಿಯಿಂದ

ಪ್ರೀತಿಯ ಅಕ್ಕಾ,

ಕ್ಷೇಮ ಕೇಳುವ ಮೊದಲು ಲೆಕ್ಕ ಹೇಳಿಬಿಡುತ್ತೇನೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಹದಿನಾಲ್ಕು ತಿಂಗಳು, ಎರಡು ಕಂಪ್ಯೂಟರು, ಆರು ಸಾವಿರದ ಇನ್ನೂರು ಧ್ವನಿತುಣುಕು, ಅಮ್ಮನ ಕೊನೆಯ ವರ್ಷ ಪೂರ್ತಿ. ಇಷ್ಟು ಸುರಿದು ಕಟ್ಟಿದ್ದಕ್ಕೆ ಇವತ್ತು ಮೂರು ಕಾಸಿನ ಬೆಲೆ ಇಲ್ಲ.

ಪಾರ್ಶ್ವವಾಯು ಹೊಡೆದ ಮೇಲೆ ನಮ್ಮ ತಮ್ಮ, ಚಿಕ್ಕೋನ ಬಾಯಿಂದ ಬರುತ್ತಿದ್ದದ್ದು ನಮಗೆಲ್ಲ ಬರೀ ಗೊರಗೊರ. ಅಮ್ಮನಿಗೆ ಮಾತ್ರ ಅದು ಮಾತು. ಅವನಿಗೆ ಅಕ್ಷರ ಮರೆತಿತ್ತು. ಹೌದು, ಅಲ್ಲ ಎನ್ನುವ ತಲೆಯಾಟವೂ ಕಲಸಿಹೋಗಿದೆ, ನಂಬಬೇಡಿ ಅಂತ ಡಾಕ್ಟರು ಹೇಳಿದ್ದರು. ಅದಕ್ಕೇ ನಾನು, ಶ್ರವಣಯಂತ್ರ ರಿಪೇರಿಯವನು, ನಾಲ್ಕು ಜನ ನಕ್ಕರೂ ಕಂಪ್ಯೂಟರಿಗೆ ಅವನ ಮಾತು ಕಲಿಸಲು ಕೂತೆ. ಅವನು ಸದ್ದು ಮಾಡಬೇಕು, ಅಮ್ಮ ಅರ್ಥ ಹೇಳಬೇಕು, ನಾನು ದಾಖಲಿಸಬೇಕು. ಒಂದು ದಿನ ನನಗೆ ತಿಳಿಯದೆ ಮತ್ತೆ ಕೇಳಿದ್ದಕ್ಕೆ, ಕಿಟಕಿ ತೆಗಿ ಅಂತಿದಾನೆ ಕಣೋ, ಊರಿಗೆಲ್ಲ ಕಿವಿ ಮಾರ್ತೀಯ, ನಿಂಗೊಂದು ಇಟ್ಕೊಳ್ಳೋಕಾಗ್ಲಿಲ್ವಾ ಅಂತ ಅಮ್ಮ ಗದರಿದಳು. ಚಿಕ್ಕೋನು ನಕ್ಕ. ಸೊಟ್ಟ ಬಾಯಲ್ಲಿ ಆ ನಗು ಎಷ್ಟು ನೆಟ್ಟಗಿತ್ತು ಅಕ್ಕಾ.

ಅಮ್ಮ ಹೋಗುವಷ್ಟರಲ್ಲಿ ಯಂತ್ರ ಇನ್ನೂರ ಹತ್ತು ಮಾತು ಕಲಿತಿತ್ತು. ಏಳು ತಿಂಗಳು ಒಮ್ಮೆಯೂ ಆರಿಸದೆ ನಡೆಸಿದೆ, ಒಂದೂ ತಪ್ಪಲಿಲ್ಲ. ನಡುವೆ ಡಿಸ್ಕ್ ತುಂಬಿತು. ಪಾಸಾದವನಿಗೆ ಪಠ್ಯಪುಸ್ತಕ ಯಾಕೆ ಅಂದುಕೊಂಡು ಧ್ವನಿತುಣುಕುಗಳನ್ನೆಲ್ಲ ಅಳಿಸಿದೆ. ಪ್ರತಿಯೊಂದರ ಕೊನೆಗೂ ಅಮ್ಮನ ದನಿ ಇತ್ತು. ಆ ದನಿ ಕಳಿಸು ಅಂತ ನೀನು ಮೂರು ಸಲ ಕೇಳಿದೆ, ಮೂರು ಸಲವೂ ನಾನು ಕಳಿಸ್ತೀನಿ ಅಂದೆ. ಕಳಿಸಲು ಏನೂ ಇರಲಿಲ್ಲ.

ಹೋದ ತಿಂಗಳು ಅವನ ಮಂಚದ ಪಕ್ಕ ಕೂರುವಂಥ ಪುಟ್ಟ ಯಂತ್ರ ತಂದೆ. ಹಳೆಯದು ಕಲಿತದ್ದನ್ನೆಲ್ಲ ಒಂದು ಫೈಲಿಗೆ ಉಳಿಸಿ, ಹಳೆಯದನ್ನು ಆರಿಸಿ, ಆ ಫೈಲನ್ನು ಹೊಸದರಲ್ಲಿ ತೆರೆದೆ. ಚಕಾರವೆತ್ತದೆ ತೆರೆದುಕೊಂಡಿತು. ಆದರೆ ಆ ಫೈಲಿನಲ್ಲಿ ಇದ್ದದ್ದು ಈ ಸದ್ದು ನಲವತ್ತೊಂದನೆಯದು, ಆ ಸದ್ದು ನಲವತ್ತೆರಡನೆಯದು ಎಂಬ ಗುರುತು ಮಾತ್ರ. ಯಾವ ನಂಬರಿಗೆ ಯಾವ ಮಾತು ಎಂಬ ಪಟ್ಟಿಯನ್ನು ನನ್ನ ಪ್ರೋಗ್ರಾಂ ಪ್ರತಿಸಲ ಶುರುವಾದಾಗ ತನಗೆ ತೋಚಿದ ಸಾಲಿನಲ್ಲಿ ಹೊಸದಾಗಿ ಮಾಡಿಕೊಳ್ಳುತ್ತಿತ್ತು. ಅದನ್ನು ನಾನು ಉಳಿಸಿರಲೇ ಇಲ್ಲ. ಬೀಗದಕೈಗಳೆಲ್ಲ ಇವೆ, ಚೀಟಿಗಳು ಅದಲುಬದಲು. ತಪ್ಪು ಹೇಳುವಾಗಲೂ ಅದರ ದನಿಯಲ್ಲಿ ಅಳುಕಿಲ್ಲ. ನನ್ನದೇ ಸಾಕುಮಗ.

ಹನ್ನೆರಡು ದಿನ, ಅಕ್ಕಾ. ಅವನು ನೀರು ಕೇಳಿದರೆ ಯಂತ್ರ ದೀಪ ಆರಿಸು ಅಂದಿತು, ನನ್ನಾಕೆ ಆರಿಸಿದಳು. ನೋವು ಅಂದರೆ ರೇಡಿಯೋ ಅಂದಿತು, ಜೋರು ಮಾಡಿದಳು. ಹನ್ನೆರಡನೆಯ ದಿನ ಹಾಸಿಗೆ ಬದಲಿಸುವಾಗ ಬೆನ್ನಿನ ಹುಣ್ಣು ಕಂಡಿತು, ಆಗ ತಪ್ಪು ಗೊತ್ತಾಯಿತು. ಹದಿಮೂರನೆಯ ದಿನದಿಂದ ಅವನು ಬಾಯಿ ತೆರೆದಿಲ್ಲ. ಗೋಡೆಗೆ ಮುಖ ಮಾಡಿ ಮಲಗಿದ್ದಾನೆ.

ಸರಿಪಡಿಸಲು ಒಂದೇ ದಾರಿ. ಲೋಟ ತೋರಿಸಬೇಕು, ಅವನು ಅವನ ಭಾಷೆಯಲ್ಲಿ ಹೇಳಬೇಕು, ಬಂದ ನಂಬರಿಗೆ ನಾನು ಚೀಟಿ ಅಂಟಿಸಬೇಕು. ಹಾಗೆ ಇನ್ನೂರ ಹತ್ತು ಸಲ. ಲೋಟ ಹಿಡಿದು ಕೂತೆ, ಒಂದ್ಸಲ ಹೇಳೋ ಮಾರಾಯಾ ಅಂತ ಕಾಲು ಹಿಡಿದೆ. ಲೋಟ ನೋಡಿದ, ನನ್ನನ್ನು ನೋಡಿದ, ತುಟಿ ಬಿಗಿದ. ಹನ್ನೆರಡು ದಿನ ಗಂಟಲು ಹರ್ಕೊಂಡಿದಾನೆ, ಇನ್ನು ಯಾವ ನಂಬಿಕೆ ಮೇಲೆ ಬಾಯ್ ಬಿಡ್ತಾನ್ರೀ ಅಂದಳು ನನ್ನಾಕೆ. ಮಾತು ಮಾರಿಯೇ ಮೇಲೆ ಬಂದವನು ನಾನು, ಲೋಟ ಕೆಳಗಿಟ್ಟು ಅಂಗಡಿಗೆ ಬಂದೆ.

ನೀನು ಬಂದರೆ ಬಾಯಿ ಬಿಟ್ಟಾನೇನೋ. ನನಗೆ ಆಸೆಯೇನೂ ಉಳಿದಿಲ್ಲ, ಆದರೂ ಬಾ. ನನ್ನ ಜೊತೆ ಮಾತಾಡಬೇಕಾಗಿಲ್ಲ.

ನಿನ್ನ ಬಾಯಿಬಡುಕ ತಮ್ಮ

ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ: ತಪ್ಪು ಗೊತ್ತಾದದ್ದು ಹನ್ನೆರಡನೆಯ ದಿನವಲ್ಲ, ಮೊದಲನೆಯ ದಿನವೇ. ಅವತ್ತು ಆಸ್ಪತ್ರೆಯವರು ಕೊಳ್ಳುವ ಮೊದಲು ಯಂತ್ರ ನೋಡಲು ಬಂದಿದ್ದರು. ಅವನು ಏನೋ ಅಂದ; ಯಂತ್ರ, ನಾನು ಚೆನ್ನಾಗಿದ್ದೇನೆ ಅಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ನನ್ನ ಅಂಗಿ ಹಿಡಿದೆಳೆದು ಜೋರಾಗಿ ತಲೆ ಅಲ್ಲಾಡಿಸಿದ. ಆ ತಲೆಯಾಟ ನಂಬಬೇಡಿ, ಅದು ಕಾಯಿಲೆ ಅಂತ ಬಂದವರಿಗೆ ನಗುತ್ತಾ ಹೇಳಿದೆ. ಅವರು ಒಪ್ಪಿ ಸಹಿ ಹಾಕುವವರೆಗೆ ಮನೆಯಲ್ಲಿ ಯಾರಿಗೂ ಬಾಯಿ ಬಿಡಲಿಲ್ಲ. ಈಗ ಆಸ್ಪತ್ರೆಗೆ ಹತ್ತು ಯಂತ್ರ. ನನಗೆ ಆರ್ಡರು. ನನ್ನಾಕೆಗೆ ತನ್ನದಲ್ಲದ ಪಾಪ. ನಿನಗೆ ಈ ಕಾಗದ. ಚಿಕ್ಕೋನಿಗೆ ಗೋಡೆ.