ಗುರುವಾರದ ಚಿತ್ರ ಕೊಡಿ

ಮಾನ್ಯ ಕುಲಸಚಿವರೇ,

ನನ್ನ ಮಗಳು ವೇಣಿ ಹೋದ ವಾರದ ಗುರುವಾರ ಸಂಜೆಯಿಂದ ನಿಮ್ಮ ಹಾಸ್ಟೆಲ್‌ನಲ್ಲಿಲ್ಲ. ಆದರೆ ಭಾನುವಾರ ರಾತ್ರಿಯವರೆಗೂ ಅಲ್ಲಿ ಹೊತ್ತುಹೊತ್ತಿಗೆ ಉಂಡಿದ್ದಾಳೆ. ಇದು ಒಗಟಲ್ಲ, ನಿಮ್ಮ ಸಂಶೋಧನಾ ವಿಶ್ವವಿದ್ಯಾಲಯದ ಅಧಿಕೃತ ನಿಲುವು.

ನಾನು ಲಗ್ಗೆರೆಯ ಸರ್ಕಾರಿ ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ವೈಟ್‌ಫೀಲ್ಡ್ ದಾಟಿ ನಿಮ್ಮ ಕ್ಯಾಂಪಸ್ಸಿಗೆ ಮಗಳನ್ನು ಬಿಡಲು ಬಂದ ದಿನ ನೀವೇ ವೇದಿಕೆಯ ಮೇಲೆ ನಿಂತು ಭರವಸೆ ಕೊಟ್ಟಿರಿ. ಮೆಸ್ಸಿನ ಬಾಗಿಲಲ್ಲಿ ಕಾರ್ಡು ತೋರಿಸಿದ ಕೂಡಲೇ ಮನೆಗೆ ಎಸ್ಸೆಮ್ಮೆಸ್ ಬರುತ್ತದೆ. ಮೂರು ಊಟ ತಪ್ಪಿದರೆ ವಾರ್ಡನ್ ವಿಚಾರಿಸುತ್ತಾರೆ, ದಂಡವೂ ಬೀಳುತ್ತದೆ. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಹಾಗಾಗಿಯೇ ಭಾನುವಾರ ಅವಳ ಫೋನು ಸ್ವಿಚಾಫ್ ಆಗಿದ್ದರೂ ನನಗೆ ಗಾಬರಿಯಾಗಲಿಲ್ಲ. 'ನಿಮ್ಮ ಮಗಳು ಊಟ ಮಾಡಿದ್ದಾರೆ' ಎಂಬ ಸಂದೇಶ ಆಗತಾನೇ ಬಂದಿತ್ತು. ಉಂಡು ಮಲಗಿರಬೇಕು ಎಂದುಕೊಂಡೆ.

ಸೋಮವಾರವೂ ಫೋನು ಸಿಗದಿದ್ದಾಗ ಬಸ್ಸು ಹಿಡಿದು ಬಂದೆ. ಮಂಚ ಖಾಲಿ. ವಾರ್ಡನ್ ಮಂಚ ನೋಡಲಿಲ್ಲ, ಕಂಪ್ಯೂಟರ್ ನೋಡಿದರು. "ನಿನ್ನೆ ರಾತ್ರಿ ಊಟ ಮಾಡಿದಾಳಲ್ಲ ಮೇಡಂ, ಸಿಸ್ಟಮ್‌ನಲ್ಲಿದೆ. ಎಲ್ಲೋ ಲ್ಯಾಬಲ್ಲಿರ್ತಾಳೆ" ಎಂದರು. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ನಮ್ಮ ಹಿರಿಯರು ಕೇಳಿದ್ದರು. ನಿಮ್ಮಲ್ಲಿ ಬೇಕು.

ಮೆಟ್ಟಿಲ ಬಳಿ ಒಬ್ಬ ಹುಡುಗಿ ನನ್ನ ಕೈಹಿಡಿದು ಅತ್ತಳು. ಅವಳ ಹೆಸರು ಕೇಳಬೇಡಿ, ಹೇಳುವುದಿಲ್ಲ. "ಆಂಟಿ, ಗುರುವಾರ ಸಂಜೆ ಕಾರ್ಡು ನನ್ ಕೈಗೆ ಕೊಟ್ಟು ಹೋದ್ಳು. ಎರಡು ದಿನದಲ್ಲಿ ಬಂದ್ಬಿಡ್ತೀನಿ, ಅಲ್ಲೀವರ್ಗೂ ತೋರಿಸ್ತಿರು, ಇಲ್ದಿದ್ರೆ ಅಮ್ಮ ಹೆದರ್ಕೋತಾಳೆ ಅಂದ್ಳು. ಇಲ್ಲಿ ಎಲ್ರೂ ಹಂಗೇ ಮಾಡೋದು, ದಂಡ ಯಾರ್ ಕಟ್ತಾರೆ? ಎಲ್ಲಿಗೆ ಅಂತ ಹೇಳ್ಲಿಲ್ಲ ಆಂಟಿ. ಗೇಟ್ ಹತ್ರ ಯಾವ್ದೋ ಬಿಳಿ ಕಾರು ನಿಂತಿತ್ತು." ನೀವು ಚಾಪೆ ಕೆಳಗೆ ನುಗ್ಗಿದರೆ ಮಕ್ಕಳು ರಂಗೋಲಿ ಕೆಳಗೆ ನುಗ್ಗುತ್ತಾರೆ. ಇಷ್ಟು ತಿಳಿಯಲು ಸಂಶೋಧನೆ ಬೇಕಿತ್ತೇ?

ಇದನ್ನೆಲ್ಲ ನಿಮ್ಮೆದುರು ನಿಂತು ಹೇಳಿದೆ. ನೀವು ಪೊಲೀಸರಿಗೆ ಬರೆದುಕೊಟ್ಟದ್ದೇನು? 'ವಿದ್ಯಾರ್ಥಿನಿ ಭಾನುವಾರ ರಾತ್ರಿಯವರೆಗೆ ಆವರಣದಲ್ಲೇ ಇದ್ದರು.' ಹಾಗಾಗಿ ಅವರು ಸೋಮವಾರದಿಂದೀಚೆಗಿನ ಗೇಟಿನ ಕ್ಯಾಮೆರಾ ಚಿತ್ರಗಳನ್ನಷ್ಟೇ ನೋಡುತ್ತಿದ್ದಾರೆ. "ಕಾಲೇಜ್ನವ್ರೇ ಬರ್ದು ಕೊಟ್ಟವ್ರಲ್ಲಮ್ಮ, ನಾವ್ ಇನ್ಯಾವ್ದು ನೋಡಾಣ?" ಎಂದರು ಪೇದೆ. ಹಾಲಿನ ಗಾಡಿ, ತರಕಾರಿ ಟೆಂಪೊ, ನಿಮ್ಮ ಕಾರು ಎಲ್ಲವೂ ಕಂಡಿವೆ. ಗುರುವಾರದ ಚಿತ್ರ ಕೊಟ್ಟರೆ ಊಟದ ದಾಖಲೆ ಸುಳ್ಳೆಂದಾಗುತ್ತದೆ. ಆ ವ್ಯವಸ್ಥೆಗೆ ಪ್ರಶಸ್ತಿ ಬೇರೆ ಬಂದಿದೆಯಂತೆ. ನಿಮ್ಮ ಪ್ರಶಸ್ತಿಯನ್ನೂ ನನ್ನ ಮಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗಿದಿರಾ? ನನಗೆ ಭಯವಾಗುತ್ತಿದೆ, ಸ್ವಾಮಿ.

ಉತ್ತರ ಕರ್ನಾಟಕದ ಕಡೆಯ ಕಾವಲುಗಾರರೊಬ್ಬರು ನಿನ್ನೆ ನನಗೆ ನೀರು ಕೊಟ್ಟು ಮೆಲ್ಲಗೆ ಹೇಳಿದರು: "ಹತ್ತ ದಿನಕ್ಕ ಕ್ಯಾಮೆರಾದಾಗಿನ ಹಳೇದು ತಾನ ಅಳಿಸಿ ಹೊಕ್ಕೈತ್ರೀ ಅಕ್ಕಾರ, ಅದರ ಮ್ಯಾಲ ಹೊಸಾದು ಕುಂದರತೈತಿ." ಆ ಲೆಕ್ಕದಲ್ಲಿ ಗುರುವಾರದ ಸಂಜೆ ನಾಳೆ ಅಳಿಯುತ್ತದೆ. ಅದಕ್ಕೇ ಈ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಗೇಟಿಗೆ ಅಂಟಿಸಿದ್ದೇನೆ.

ಕ್ಷಮೆ ಬೇಡ, ವಿಚಾರಣಾ ಸಮಿತಿಯೂ ಬೇಡ. ಆ ಕಾರಿನ ನಂಬರೇನು, ಬಾಗಿಲು ತೆರೆದವರು ಯಾರು, ಅವಳು ಹತ್ತಿದಳೋ ಹತ್ತಿಸಿಕೊಂಡರೋ, ಅದು ಕಾಣುವ ಚಿತ್ರವನ್ನು ಇಂದೇ ಪೊಲೀಸರ ಕೈಗಿಡಿ. ನಾಳೆಯ ನಂತರ ನನ್ನ ಮಗಳು ನಿಮ್ಮ ಗೇಟು ದಾಟಿಯೇ ಇಲ್ಲ ಎಂದೂ ನೀವು ಬರೆದುಕೊಡಬಹುದು. ಸುಳ್ಳೆಂದು ತೋರಿಸಲು ನನ್ನ ಬಳಿ ಏನೂ ಉಳಿದಿರುವುದಿಲ್ಲ.

ಇಂತಿ,
ನಿಮ್ಮ ಗೇಟಿನೆದುರಿನ ಬಸ್‌ಸ್ಟಾಪಿನಲ್ಲಿ ಕೂತಿರುವ,
ನೀವು ದಿನವೂ ಕಾರಿನ ಗಾಜು ಏರಿಸಿಕೊಂಡು ದಾಟಿ ಹೋಗುವ,
ಅನುಸೂಯಮ್ಮ