ಗಾಬರಿ ಗಿರಾಕಿಯ ನಿಯಮ

ಅಪ್ಪಾ,

ಕೂತುಕೊಂಡು ಓದಿ, ಒಳ್ಳೇ ಸುದ್ದಿ. ನಮ್ಮ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗಕ್ಕೆ ನಾನು ಬರೆಯುತ್ತಿದ್ದ ಸುರಕ್ಷತಾ ಯೋಜನೆ ಜಾರಿಗೆ ಬಂತು. ಅದರ ಮೊದಲನೇ ನಿಯಮ ನಿಮ್ಮದು.

ಮನೆಯಿಂದ ಹೊರಡುವಾಗೆಲ್ಲ ನೀವು ಗ್ಯಾಸಿನ ನಾಬ್ ಮುಟ್ಟಿ, "ಆಫ್ ಆಗಿದೆ" ಅಂತ ಜೋರಾಗಿ ಹೇಳುತ್ತಿದ್ದಿರಿ. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು. ಅಮ್ಮ ಹಣೆ ಚಚ್ಚಿಕೊಂಡು, "ಈ ಗಾಬರಿ ಗಿರಾಕಿಗೆ ಇದೇ ಒಂದು ಉದ್ಯೋಗ" ಅನ್ನುತ್ತಿದ್ದಳು. ನಾವೆಲ್ಲ ನಗುತ್ತಿದ್ದೆವು.

ಈಗ ಇಲ್ಲಿನ ಪ್ರಯೋಗಾಲಯದಿಂದ ಕೊನೆಗೆ ಹೊರಡುವವರು ಒಂದೊಂದು ಗ್ಯಾಸ್ ನಲ್ಲಿಯನ್ನೂ ಮುಟ್ಟಿ ಹಾಗೇ ಹೇಳಬೇಕು. "ಇದೇನಮ್ಮಾ, ಮಕ್ಕಳಾಟ?" ಅಂದಿದ್ದರು ವಿಭಾಗದ ಮುಖ್ಯಸ್ಥರು. ಮೊನ್ನೆ ಕೊನೆಗೆ ಹೊರಟವರು ಅವರೇ. ಗೇಟಿನ ತನಕ ಹೋದವರಿಗೆ ಬಾಯಿಬಿಟ್ಟು ಹೇಳಿದ ನೆನಪೇ ಆಗಲಿಲ್ಲವಂತೆ, ವಾಪಸ್ ಬಂದರು. ಮೂಲೆಯ ಗ್ಯಾಸ್ ನಲ್ಲಿ ಬುಸುಗುಡುತ್ತಿತ್ತು. ಎಲ್ಲ ವಿಭಾಗಗಳಿಗೂ ಇದೇ ನಿಯಮ ಬರಬೇಕು ಅಂತ ಈಗ ಪಟ್ಟು ಹಿಡಿದು ಕೂತಿರುವವರೂ ಅವರೇ.

ಭಾನುವಾರ ಇಬ್ಬರೂ ಬನ್ನಿ, ತೋರಿಸುತ್ತೇನೆ. ನಾಬ್ ಮುಟ್ಟಿ, ಬೀಗ ಎಳೆದು ನೋಡಿ, ನಿಧಾನವಾಗಿ ಹೊರಡಿ. ಬಸ್ಸು ತಪ್ಪಿದರೆ ತಪ್ಪಲಿ, ನಾನು ಕಾಯುತ್ತೇನೆ. ಅಮ್ಮನಿಗೂ ಹೇಳಿಬಿಡಿ: ಆ ಉದ್ಯೋಗಕ್ಕೆ ಇಲ್ಲಿ ಸಂಬಳ ಕೊಡುತ್ತಾರೆ.

ನಿಮ್ಮ ಮಗಳು,
ಎರಡನೇ ಗಾಬರಿ ಗಿರಾಕಿ