ಹಿಂದಿನ ಗಲ್ಲಿಯ ಕಿಟಕಿ

ಏಪ್ರಿಲ್ ೧೮, ಗುರುವಾರ.

ನಮ್ಮ ಎಸಿಯ ಹೊರಗಿನ ಪೆಟ್ಟಿಗೆ ಹಿಂದಿನ ಗಲ್ಲಿಗೆ ಬಿಸಿಗಾಳಿ ಊದುತ್ತದೆ. ಮುಂದೆ ಕೂರಿಸಿದರೆ ಮನೆಯ ಅಂದ ಕೆಡುತ್ತದೆ ಅಂದವನು ನಾನೇ. ಅದರ ಎದುರಿಗೇ ಇಸ್ತ್ರಿಯವಳ ಮನೆಗಿರುವ ಒಂದೇ ಕಿಟಕಿ.

ಸಂಜೆ ಬಾಗಿಲಿಗೆ ಬಂದಿದ್ದಳು. ಸೊಂಟದಲ್ಲಿ ಮಗು, ಅದರ ಮೈತುಂಬ ಬೆವರುಸಾಲೆ.

"ಜಗಳಕ್ಕೆ ಬಂದಿಲ್ಲ ಅಣ್ಣಾ. ರಾತ್ರಿ ಎಷ್ಟೊತ್ತಿಗೆ ಆರಿಸ್ತೀರಿ ಹೇಳಿ, ಆಗ ಇವಳನ್ನ ಮಲಗಿಸ್ತೀನಿ."

ಇಪ್ಪತ್ತು ವರ್ಷ ಬಾಯಿಬಲದಿಂದಲೇ ಎಸಿ ಮಾರಿದವನು ನಾನು. ಬಿಸಿ ಯಾರ ಪಾಲಿಗೆ ಅಂತ ಒಬ್ಬ ಗಿರಾಕಿಯೂ ಕೇಳಿರಲಿಲ್ಲ. ತಡವರಿಸಿ, "ಹನ್ನೊಂದಕ್ಕಮ್ಮಾ" ಅಂದೆ.

ಹನ್ನೊಂದಕ್ಕೆ ಆರಿಸಿದೆ. ಹೆಂಡತಿ ನಿದ್ದೆಗಣ್ಣಲ್ಲೇ, "ಸೆಕೆ ರೀ, ಹಾಕಿ" ಅಂದಳು. ಹಾಕಿದೆ.

ಈಗ ಒಂದೂವರೆ. ಮಗು ಅಳುತ್ತಿದ್ದರೂ ಈ ಸದ್ದಿನಲ್ಲಿ ನನಗೆ ಕೇಳಿಸುವುದಿಲ್ಲ. ಆದರೂ ಕಿವಿ ಆ ಕಿಟಕಿಯಲ್ಲೇ…